ಒಂದು ಕೊಯ್ತಾದ ಲೆಕ್ಕ

ದೀಪಾವಳಿ ಮುಗಿದು ಸಕ್ಕರೆ ಕಾರ್ಖಾನೆಗಳ ಚಿಮಣಿಯಲ್ಲಿ ಹೊಗೆ ಏಳತೊಡಗಿದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಹೊಲಗಳಿಗೆ ಕಬ್ಬು ಕಡಿಯುವವರು ಬಂದಿಳಿಯುತ್ತಾರೆ. ವಿಜಯಪುರದ ಕಡೆಯವರಿದ್ದಾರೆ, ಮಹಾರಾಷ್ಟ್ರದ ಬೀಡ್ ಜಿಲ್ಲೆಯವರಿದ್ದಾರೆ. ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಪಾತ್ರೆ ಪಗಡೆ, ಹಾಸಿಗೆ, ಮಕ್ಕಳು, ಒಂದೆರಡು ಆಡು. ಎಷ್ಟು ಮಂದಿ ಬಂದೀರಿ ಎಂದು ಗ್ಯಾಂಗಿನ ಮುಕಾದಮನನ್ನು ಕೇಳಿ ನೋಡಿ. ಆತ ತಲೆ ಎಣಿಸುವುದಿಲ್ಲ. ‘ಹತ್ತ ಕೊಯ್ತಾ ಅದಾವ್ರಿ’ ಅನ್ನುತ್ತಾನೆ. ಕೊಯ್ತಾ ಅಂದರೆ ಕಬ್ಬು ಕಡಿಯುವ ಕತ್ತಿ. ಮುಕಾದಮನ ಲೆಕ್ಕದಲ್ಲಿ ಒಂದು ಕೊಯ್ತಾ ಅಂದರೆ ಒಬ್ಬ ಗಂಡ, ಒಬ್ಬಳು ಹೆಂಡತಿ. ಆತ ಕಡಿಯುತ್ತಾನೆ. ಈಕೆ ರವದಿ ಸುಲಿದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಗಾಡಿ ಹತ್ತುತ್ತಾಳೆ.

ಮುಂಗಡ ಕೊಡುವುದೂ ಜೋಡಿಗೇ. ಹಂಗಾಮಿಗೆ ಮೊದಲೇ ಪಡೆದ ಆ ರೊಕ್ಕವನ್ನು ಇಬ್ಬರೂ ದುಡಿದು ಮುಟ್ಟಿಸಬೇಕು. ಒಂಟಿ ಆಳಿಗೆ ಅಷ್ಟು ಮುಂಗಡ ಹುಟ್ಟುವುದಿಲ್ಲ. ಹಾಗಾಗಿಯೇ ಹಂಗಾಮು ಶುರುವಾಗುವ ಮುಂಚೆ, ವಯಸ್ಸು ತುಂಬುವ ಮುಂಚೆ, ಹುಡುಗ ಹುಡುಗಿಯನ್ನು ಅವಸರದಲ್ಲಿ ಜೋಡಿ ಮಾಡಿ ಕಳಿಸುವ ಮನೆಗಳು ಬೀಡ್ ಕಡೆ ಇವೆ. ದಂಧೆಗೂ ಪ್ರೀತಿಗೂ ಎತ್ತಣಿಂದೆತ್ತಣ ಸಂಬಂಧ ಎನ್ನುವವರಿಗೆ ನಾನು ಮೊದಲು ತೋರಿಸಬೇಕೆನ್ನುವುದು ಈ ಕೊಯ್ತಾವನ್ನು. ಅಲ್ಲಿ ಸಂಸಾರ ಎಲ್ಲಿ ಮುಗಿಯಿತು, ದಂಧೆ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಆಗುವುದಿಲ್ಲ.

‘ವ್ಯವಹಾರ ಬ್ಯಾರೆ, ಸಂಬಂಧ ಬ್ಯಾರೆ’ ಎಂಬುದು ನಮ್ಮ ಹಿರಿಯರ ಬಾಯಲ್ಲಿ ನಿತ್ಯ ಕೇಳುವ ಮಾತು. ಬೀಗರ ನಡುವೆ, ಗೆಳೆಯರ ನಡುವೆ ರೊಕ್ಕ ಬಂದು ಮನಸ್ಸು ಮುರಿದದ್ದನ್ನು ಕಂಡವರು ಆಡಿದ ಮಾತು ಅದು. ಅದರ ಹಿಂದಿನ ನೋವನ್ನು ನಾನು ಗೌರವಿಸುತ್ತೇನೆ. ಆದರೆ ಬಳಸುತ್ತ ಬಳಸುತ್ತ ಅದರಿಂದ ಎರಡು ತಪ್ಪು ಹುಟ್ಟಿವೆ. ದಂಧೆಯಲ್ಲಿ ಮನಸ್ಸು ಬೇಕಿಲ್ಲ ಎಂಬುದು ಒಂದು. ಮನೆಯಲ್ಲಿ ಲೆಕ್ಕ ಬೇಕಿಲ್ಲ ಎಂಬುದು ಇನ್ನೊಂದು. ಎರಡನೆಯದು ಹೆಚ್ಚು ಮನೆ ಕೆಡಿಸಿದೆ ಎಂದು ನನ್ನ ನಂಬಿಕೆ.

ಶುರುವಾಗುವ ರೀತಿ ನೋಡಿ. ದಂಧೆ, ಪ್ರೀತಿ ಎರಡೂ ಶುರುವಾಗುವುದು ಗೊತ್ತಿಲ್ಲದವರಿಗೆ ಮೊದಲು ಕೊಡುವುದರಿಂದ. ನಮ್ಮ ಊರುಗಳ ಗೊಬ್ಬರದ ಅಂಗಡಿಯಾತ ರೈತನಿಗೆ ಚೀಲಗಟ್ಟಲೆ ಗೊಬ್ಬರ ಉದ್ರಿ ಕೊಡುತ್ತಾನೆ. ಕಬ್ಬಿನ ಬಿಲ್ಲು ಆದ ಮೇಲೆ ಕೊಟ್ಟರಾಯಿತು ಎಂಬುದು ವಾಯಿದೆ. ಕಬ್ಬು ಬೆಳೆಯಲು ವರ್ಷ ಬೇಕು. ಆ ವರ್ಷದಲ್ಲಿ ಮಳೆ ಹೋಗಬಹುದು, ಘಟಪ್ರಭೆಗೆ ನೆರೆ ಬರಬಹುದು, ಕಾರ್ಖಾನೆ ಬಿಲ್ಲು ತಡ ಮಾಡಬಹುದು. ಇಷ್ಟು ಗೊತ್ತಿದ್ದೂ ಆತ ಕೊಡುತ್ತಾನೆ, ಕೊಡದಿದ್ದರೆ ಅಂಗಡಿ ನಡೆಯುವುದಿಲ್ಲ. ಗೋಕಾಕದ ಕರದಂಟಿನ ಅಂಗಡಿಯವರು ಗಿರಾಕಿ ಬೆಲೆ ಕೇಳುವ ಮೊದಲೇ ಒಂದು ತುಂಡು ಮುರಿದು ಕೈಗಿಡುತ್ತಾರೆ. ತುಪ್ಪದಲ್ಲಿ ಕರಿದು ಅರಳಿಸಿದ ಅಂಟು, ಬೆಲ್ಲದ ಪಾಕ, ಗೋಡಂಬಿ, ಬಾದಾಮಿ, ಒಣಕೊಬ್ಬರಿ. ಯಾವುದೂ ಸೋವಿ ಸಾಮಾನಲ್ಲ. ತಿಂದವನು ಕೈ ಒರೆಸಿಕೊಂಡು ಮುಂದಿನ ಅಂಗಡಿಗೆ ನಡೆದರೆ ಯಾರೂ ತಡೆಯುವಂತಿಲ್ಲ. ಪ್ರೀತಿಯಲ್ಲಿ ಮೊದಲ ಮಾತು ಆಡುವವರ ಸ್ಥಿತಿಯೂ ಇದೇ. ವಾಪಸು ಬರುತ್ತದೆಂಬ ಖಾತ್ರಿ ಇಲ್ಲದೆ ಯಾರೋ ಒಬ್ಬರು ಮೊದಲು ಕೊಡಬೇಕು.

ಇಷ್ಟರವರೆಗೆ ಎಲ್ಲರೂ ಒಪ್ಪುತ್ತಾರೆ. ನನಗೆ ಮುಖ್ಯವೆನಿಸುವುದು ಕೊಟ್ಟ ನಂತರದ ಕತೆ.

ಮೂಡಲಗಿ ಭಾಗದ ಹಳ್ಳಿಯೊಂದರಲ್ಲಿ ನಮ್ಮ ಕಾಕಾ ಕಿರಾಣಿ ಅಂಗಡಿ ಇಟ್ಟಿದ್ದ. ಕಾಕಿ ಓದಿದವಳಲ್ಲ. ಅಂಗಡಿ ಹಿಂದೆಯೇ ಮನೆ. ಗಿರಾಕಿ ಬಂದರೆ ಒಲೆ ಬಿಟ್ಟು ಎದ್ದು ಬರುತ್ತಿದ್ದಳು, ಅಕ್ಕಿ ಬೇಳೆ ತೂಗುತ್ತಿದ್ದಳು. ಒಂದು ವರ್ಷ ಕಾಕಾ ತನ್ನ ಗೆಳೆಯನೊಬ್ಬನ ಸಾಲಕ್ಕೆ ಜಾಮೀನು ನಿಂತ. ಕಾಕಿಗೆ ಹೇಳಲಿಲ್ಲ. ಗೆಳೆಯ ಊರು ಬಿಟ್ಟ. ಸಾಲ ಅಂಗಡಿಯ ಮೇಲೆ ಬಂತು. ಸುದ್ದಿ ಕಾಕಿಗೆ ಮುಟ್ಟಿದ್ದು ಹಿಟ್ಟಿನ ಗಿರಣಿಯಲ್ಲಿ, ಪಾಳಿ ಹಚ್ಚಿ ನಿಂತಾಗ, ಯಾರೋ ಹೆಣ್ಣುಮಗಳ ಬಾಯಿಂದ. ಆ ರಾತ್ರಿ ಆಕೆ ಕೂಗಾಡಲಿಲ್ಲ. ‘ರೊಕ್ಕ ಹೋದ್ರ ಹೋಗ್ಲಿ. ಊರ ಮಂದಿ ಬಾಯಾಗ ನಾ ಕೇಳೂ ಹಂಗ ಮಾಡಿದ್ರೆಲ್ಲ’ ಅಂದಳು. ಅಷ್ಟೇ. ಮೂರು ದಿನ ಒಲೆ ಉರಿಯಿತು, ಅಡುಗೆ ಆಯಿತು, ಮಾತು ಮಾತ್ರ ಇರಲಿಲ್ಲ. ಗಂಡ ಹೆಂಡರ ಜಗಳ ಉಂಡು ಮಲಗುವ ತನಕ ಎನ್ನುವ ಗಾದೆ ಆ ಮನೆಯಲ್ಲಿ ಆ ವಾರ ಸುಳ್ಳಾಗಿತ್ತು.

ನಾಲ್ಕನೆಯ ದಿನ ಆಕೆ ಒಂದು ಪದ್ಧತಿ ಹಾಕಿದಳು. ಅಂಗಡಿಯ ಕದ ಹಾಕಿದ ಮೇಲೆ, ಊಟಕ್ಕೆ ಕೂಡುವ ಮೊದಲು, ಆ ದಿನದ ವಹಿಯನ್ನು ಕಾಕಾ ಗಟ್ಟಿಯಾಗಿ ಓದಬೇಕು. ‘ಮೊದ್ಲ ವಹಿ ಓದ್ರಿ, ಆಮ್ಯಾಲ ತಾಟ ಹಚ್ತೀನಿ.’ ಯಾರಿಗೆ ಎಷ್ಟು ಉದ್ರಿ ಹೋಯಿತು, ಯಾರು ಎಷ್ಟು ಕೊಟ್ಟರು, ಸಂತೆಯ ಸಾಮಾನಿಗೆ ಎಷ್ಟು ಬಿತ್ತು, ಎಲ್ಲ. ಆಕೆ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ಅಕ್ಷರ ಬಾರದ ಆಕೆಗೆ ದನಿ ಗೊತ್ತಾಗುತ್ತಿತ್ತು. ಎಲ್ಲಿ ಕಾಕಾನ ದನಿ ಸಣ್ಣದಾಯಿತೋ ಅಲ್ಲಿ ಬಡಿಯುವ ಕೈ ನಿಲ್ಲುತ್ತಿತ್ತು. ‘ಅದನ್ನ ಇನ್ನೊಮ್ಮಿ ಓದ್ರಿ.’ ಸೂಟಿಗೆ ಹೋದಾಗಲೆಲ್ಲ ನಾನು ಆ ಓದು ಕೇಳಿದ್ದೇನೆ. ಮಕ್ಕಳಾದ ನಮಗೆ ಅದು ಹಸಿವಿನ ಹೊತ್ತಿನಲ್ಲಿ ಒಂದು ಕಾಟವಾಗಿತ್ತು. ಈಗ ಯೋಚಿಸಿದರೆ ಅದಕ್ಕಿಂತ ದೊಡ್ಡ ಪ್ರೀತಿಯ ಮಾತನ್ನು ಆ ಮನೆಯಲ್ಲಿ ಯಾರೂ ಆಡಿರಲಿಕ್ಕಿಲ್ಲ ಅನಿಸುತ್ತದೆ.

ಬಹಳ ವರ್ಷಗಳ ಮೇಲೆ, ಪಾಲುದಾರಿಕೆಯ ಕಾನೂನು ಓದುವಾಗ ಕಾಕಿ ನೆನಪಾದಳು. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ ಒಂಬತ್ತನೆಯ ಕಲಮು ಪಾಲುಗಾರರ ಕರ್ತವ್ಯ ಹೇಳುತ್ತದೆ: ಒಬ್ಬರಿಗೊಬ್ಬರು ನ್ಯಾಯವಾಗಿ, ನಿಷ್ಠೆಯಿಂದ ಇರಬೇಕು, ನಿಜವಾದ ಲೆಕ್ಕ ಒಪ್ಪಿಸಬೇಕು, ದಂಧೆಗೆ ಸಂಬಂಧಪಟ್ಟ ಎಲ್ಲ ಸಂಗತಿಯನ್ನೂ ಪೂರ್ತಿ ತಿಳಿಸಬೇಕು. ರೊಟ್ಟಿ ಬಡಿಯುತ್ತ ಆಕೆ ಕೇಳಿದ್ದು ಇಷ್ಟನ್ನೇ. ನಮ್ಮ ಮದುವೆಯ ಮಂತ್ರದಲ್ಲೂ ಧರ್ಮ, ಕಾಮಗಳ ನಡುವೆ ಅರ್ಥ ಕೂತಿದೆ. ಆ ಮೂರರಲ್ಲೂ ನಿನ್ನನ್ನು ದಾಟಿ ನಡೆಯುವುದಿಲ್ಲ ಎಂಬ ಮಾತನ್ನೇ ‘ನಾತಿಚರಾಮಿ’ ಎನ್ನುವುದು. ಅರ್ಥವನ್ನು ಅಲ್ಲಿಂದ ಎತ್ತಿ ಗಂಡಸಿನ ಕಿಸೆಗೆ ಹಾಕಿದವರು ನಾವು.

ಅದೇ ಕಾಯ್ದೆಯ ಐದನೆಯ ಕಲಮಿನಲ್ಲಿ ಒಂದು ಕುತೂಹಲದ ಮಾತಿದೆ. ಪಾಲುದಾರಿಕೆ ಹುಟ್ಟುವುದು ಕರಾರಿನಿಂದ, ಹುಟ್ಟಿನ ಅಥವಾ ಸಂಬಂಧದ ಸ್ಥಾನದಿಂದಲ್ಲ ಎಂದು ಹೇಳಿ, ಹಿಂದೂ ಅವಿಭಕ್ತ ಕುಟುಂಬದ ಸದಸ್ಯರು ಮನೆತನದ ವ್ಯಾಪಾರ ನಡೆಸಿದ ಮಾತ್ರಕ್ಕೆ ಪಾಲುಗಾರರಾಗುವುದಿಲ್ಲ, ಬರ್ಮಾದ ಬೌದ್ಧ ಗಂಡ ಹೆಂಡತಿ ಹಾಗೆ ವ್ಯಾಪಾರ ನಡೆಸಿದರೂ ಆಗುವುದಿಲ್ಲ ಎನ್ನುತ್ತದೆ. ಬರ್ಮಾ ಆಗಿನ್ನೂ ಬ್ರಿಟಿಷ್ ಇಂಡಿಯಾದ ಭಾಗವಾಗಿತ್ತು. ಅಲ್ಲಿ ಗಂಡ ಹೆಂಡತಿ ಕೂಡಿ ಅಂಗಡಿ ನಡೆಸುವುದು ಕಾನೂನು ಬರೆಯುವವರ ಕಣ್ಣಿಗೆ ಬೀಳುವಷ್ಟು ಸಾಮಾನ್ಯವಾಗಿತ್ತು ಎಂಬುದು ಇದರಿಂದ ಗೊತ್ತಾಗುತ್ತದೆ. ನಮ್ಮ ಕಾಕಿಯಂಥ ಲಕ್ಷಾಂತರ ಹೆಂಗಸರು ತಕ್ಕಡಿ ಹಿಡಿದದ್ದು ಮಾತ್ರ ಯಾವ ಕಲಮಿನಲ್ಲೂ ಹೆಸರಾಗಿ ಬರಲಿಲ್ಲ.

ಕರಾರು ಬರೆದುಕೊಂಡರೆ ಎಲ್ಲ ಸರಿಹೋಗುತ್ತದೆಯೇ? 1963ರಲ್ಲಿ ಅಮೆರಿಕದ ಕಾನೂನು ಪ್ರಾಧ್ಯಾಪಕ ಸ್ಟುವರ್ಟ್ ಮೆಕಾಲೆ ವಿಸ್ಕಾನ್ಸಿನ್ ರಾಜ್ಯದ ವ್ಯಾಪಾರಿಗಳನ್ನು ಮಾತಾಡಿಸಿ ಒಂದು ಪ್ರಬಂಧ ಬರೆದ. ಕಾನೂನು ಕಲಿತವರು ಬೆಚ್ಚುವಂಥ ಸಂಗತಿ ಅದರಲ್ಲಿತ್ತು. ದೊಡ್ಡ ದೊಡ್ಡ ವ್ಯಾಪಾರಿಗಳೂ ತಕರಾರು ಬಂದಾಗ ಕರಾರುಪತ್ರ ತೆಗೆದು ನೋಡುತ್ತಿರಲಿಲ್ಲ. ಫೋನ್ ಹಚ್ಚಿ ಮಾತಾಡಿ ಮುಗಿಸುತ್ತಿದ್ದರು. ವಕೀಲನನ್ನು ನಡುವೆ ತಂದರೆ ಮುಂದಿನ ವರ್ಷದ ವ್ಯಾಪಾರ ಮುಗಿದಂತೆಯೇ ಎಂದು ಅವರಿಗೆ ಗೊತ್ತಿತ್ತು. ನಮ್ಮ ದಲಾಲಿ ಅಂಗಡಿಗಳಲ್ಲಿ ಕೂತವರಿಗೆ ಇದು ಹೊಸದಲ್ಲ. ಸಂಸಾರದಲ್ಲಿಯೂ ಕಾಗದ ಹೊರಬಿದ್ದ ದಿನ ಮಾತು ಸತ್ತಿರುತ್ತದೆ.

ಆದರೆ ಮಾತಿನ ಮೇಲೆ ನಡೆಯುವ ಈ ನಂಬಿಕೆಗೆ ಒಂದು ಕಟ್ಟಳೆ ಇದೆ. ಎರಡೂ ಕಡೆಯವರು ಸರಿಸಮ ಕಾಯಬಲ್ಲವರಾಗಿರಬೇಕು. ಗೋಕಾಕದ ಜಲಪಾತದ ದಂಡೆಗೆ ಹೋಗಿ ನಿಂತರೆ ಇದು ಅರ್ಥವಾಗುತ್ತದೆ. ಘಟಪ್ರಭೆ ಅಲ್ಲಿ ಸುಮಾರು 52 ಮೀಟರ್ ಆಳಕ್ಕೆ ಬೀಳುತ್ತದೆ. 1885ರಲ್ಲಿ ಹುಟ್ಟಿದ ಗೋಕಾಕ ನೂಲಿನ ಗಿರಣಿ ಕಂಪನಿ ಆ ನೀರಿನ ಬಲವನ್ನು ನಂಬಿ ಬಂಡೆಯ ಮೇಲೆ ಗಿರಣಿ ಕಟ್ಟಿತು. ಕಟ್ಟುವ ಮೊದಲು ಅದಕ್ಕೆ ಹತ್ತು ಜಾಗದ ಆಯ್ಕೆ ಇದ್ದಿರಬಹುದು. ಕಟ್ಟಿದ ಮರುದಿನದಿಂದ ಒಂದೇ ಜಾಗ. ಗಿರಣಿಯನ್ನು ಹೊತ್ತುಕೊಂಡು ಬೇರೆ ಜಲಪಾತಕ್ಕೆ ಹೋಗಲಾಗುವುದಿಲ್ಲ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಆಲಿವರ್ ವಿಲಿಯಮ್ಸನ್ ಜೀವನವಿಡೀ ಯೋಚಿಸಿದ್ದು ಈ ಗಳಿಗೆಯ ಬಗ್ಗೆ: ಹಲವರಲ್ಲಿ ಒಬ್ಬರನ್ನು ಆರಿಸುವ ಸ್ವಾತಂತ್ರ್ಯ, ಆರಿಸಿ ಹಣ ಶ್ರಮ ಸುರಿದ ಮೇಲೆ ಕಟ್ಟಾಗಿ ಮಾರ್ಪಡುತ್ತದೆ. ಆಮೇಲೆ ಯಾರು ಹೆಚ್ಚು ಸುರಿದಿದ್ದಾರೋ ಅವರು ಹೆಚ್ಚು ಬಗ್ಗಬೇಕಾಗುತ್ತದೆ. ಹೆಣ್ಣು ನೋಡಲು ಬಂದ ದಿನ ಹುಡುಗಿಯ ಮನೆಯವರಿಗಿದ್ದ ಬಾಯಿ, ಎರಡು ಮಕ್ಕಳಾದ ಮೇಲೆ ಅದೇ ಹುಡುಗಿಗೆ ಏಕೆ ಇರುವುದಿಲ್ಲ ಎಂಬುದಕ್ಕೂ ಉತ್ತರ ಇಲ್ಲಿಯೇ ಇದೆ.

ಕಬ್ಬು ಬೆಳೆದವನ ಸ್ಥಿತಿ ನೋಡಿ. ಕಬ್ಬು ಹಚ್ಚುವ ದಿನ ಅವನು ಸ್ವತಂತ್ರ. ಗೋವಿನಜೋಳ ಬಿತ್ತಬಹುದು, ಅರಿಸಿನ ಹಾಕಬಹುದು. ಹಚ್ಚಿದ ಮೇಲೆ ವರ್ಷದ ನೀರು, ಗೊಬ್ಬರ, ಬಡ್ಡಿ ಎಲ್ಲ ಆ ಮಣ್ಣಿನಲ್ಲಿ. ಕಡಿದ ಮೇಲಂತೂ ಗಂಟೆಗಳ ಲೆಕ್ಕ. ಕಡಿದ ಕಬ್ಬು ಬಿಸಿಲಲ್ಲಿ ತೂಕ ಕಳೆದುಕೊಳ್ಳುತ್ತದೆ, ಒಳಗಿನ ಸಕ್ಕರೆಯ ಅಂಶ ಒಡೆಯತೊಡಗುತ್ತದೆ. ಒಂದು ದಿನದೊಳಗೆ ಅರೆದರೆ ಒಳ್ಳೆಯದು. ಕಾರ್ಖಾನೆ ಕಾಯಬಹುದು, ಕಬ್ಬು ಕಾಯುವುದಿಲ್ಲ. ಬೇರೆ ಕಾರ್ಖಾನೆಗೆ ಒಯ್ಯೋಣವೆಂದರೆ ಸಾಗಣೆಯ ಖರ್ಚು ಕುತ್ತಿಗೆಗೆ ಬರುತ್ತದೆ. ಎರಡು ಕಾರ್ಖಾನೆಗಳ ನಡುವೆ ಕನಿಷ್ಠ 15 ಕಿಲೋಮೀಟರ್ ಇರಬೇಕೆಂಬ ನಿಯಮವೂ ಇದೆ. ಕಾಟಾ ಕಾರ್ಖಾನೆಯದು, ಇಳುವರಿ ಅಳೆಯುವ ಪ್ರಯೋಗಾಲಯವೂ ಕಾರ್ಖಾನೆಯದು. ನೂರು ಕಿಲೋ ಕಬ್ಬಿನಿಂದ ಎಷ್ಟು ಕಿಲೋ ಸಕ್ಕರೆ ಬಂತು ಎಂಬ ಆ ಇಳುವರಿಯ ಮೇಲೆಯೇ ದರ ನಿಂತಿದೆ. ವಹಿ ಒಬ್ಬರ ಕೈಯಲ್ಲಿ, ಹೊಲ ಇನ್ನೊಬ್ಬರ ಕೈಯಲ್ಲಿ. ಗಟ್ಟಿಯಾಗಿ ಓದುವವರಿಲ್ಲ.

ಕಾನೂನಿಗೆ ಇದು ಗೊತ್ತಿಲ್ಲವೆಂದಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಮುಟ್ಟಿದ 14 ದಿನಗಳೊಳಗೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ. ಬಡ್ಡಿ ಸಮೇತ ಬಿಲ್ಲು ಎಣಿಸಿಕೊಂಡ ರೈತನನ್ನು ನಮ್ಮ ಕಡೆ ಹುಡುಕಿ ನೋಡಬೇಕು. ಮುಂದಿನ ವರ್ಷವೂ ಅದೇ ಕಾರ್ಖಾನೆಗೆ ಕಬ್ಬು ಕಳಿಸಬೇಕಾದವನು ಬಡ್ಡಿ ಕೇಳಿ ಮುಖ ಕೆಡಿಸಿಕೊಳ್ಳುವುದು ಹೇಗೆ? ಇಂಥ ಹಳೆಯ ಸಂಬಂಧಕ್ಕೆ ಹೊಲದಲ್ಲೇ ಒಂದು ಹೋಲಿಕೆ ಇದೆ: ಕಬ್ಬು ಕಡಿದ ಮೇಲೆ ಅದೇ ಬೇರಿನಿಂದ ಕೂಳೆ ಚಿಗುರುತ್ತದೆ. ಬೀಜದ ಖರ್ಚಿಲ್ಲ, ಉಳುಮೆ ಇಲ್ಲ. ಅದಕ್ಕಾಗಿಯೇ ಕೂಳೆಯನ್ನು ಅಲಕ್ಷ್ಯ ಮಾಡುವವರೇ ಹೆಚ್ಚು. ತಾನೇ ಬರುತ್ತದಲ್ಲ ಎಂಬ ಭಾವ. ಗೊಬ್ಬರ ನೀರು ತಪ್ಪಿಸಿದರೆ ಎರಡು ಮೂರು ವರ್ಷದಲ್ಲಿ ಕೂಳೆ ಸೊರಗುತ್ತದೆ. ಹಳೆಯ ಗಿರಾಕಿಯನ್ನು, ಹಳೆಯ ರೈತನನ್ನು, ಮನೆಯಲ್ಲಿ ಇಪ್ಪತ್ತು ವರ್ಷದಿಂದ ಇರುವವರನ್ನು ನಾವು ನಡೆಸಿಕೊಳ್ಳುವುದು ಹೆಚ್ಚಾಗಿ ಹೀಗೆಯೇ.

2025ರ ಅಕ್ಟೋಬರ್ ಕೊನೆಯಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ರಸ್ತೆಗೆ ಬಂದು ಕೂತರು. ಟನ್ನಿಗೆ 3,500 ರೂಪಾಯಿ ಕೊಡಿ ಎಂಬುದು ಬೇಡಿಕೆ. ಆ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ್ದ ದರ ಶೇ 10.25ರ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಆದರೆ ಅದು ಕಾರ್ಖಾನೆಯ ಬಾಗಿಲಿನ ದರ. ಕಟಾವು, ಸಾಗಣೆ ಕಳೆದು ಕೈಗೆ ಬರುವುದು ಎಷ್ಟು ಎಂಬುದೇ ಜಗಳ. ದಿನ ಕಳೆದಂತೆ ಊರೂರಿಂದ ಬುತ್ತಿ ಬಂತು, ವಿದ್ಯಾರ್ಥಿಗಳು ಬಂದರು, ಮಠದವರು ಬಂದರು, ಹೆದ್ದಾರಿಗಳು ನಿಂತವು. ಹುಕ್ಕೇರಿ ತಾಲ್ಲೂಕಿನ ಹತ್ತರಗಿ ಟೋಲ್ ಬಳಿ ಕಲ್ಲು ತೂರಾಟವೂ ಆಯಿತು, ಅದು ಆಗಬಾರದಿತ್ತು. ನವೆಂಬರ್ 7ರಂದು ಮುಖ್ಯಮಂತ್ರಿ ಕಾರ್ಖಾನೆಯವರನ್ನೂ ರೈತರನ್ನೂ ಕರೆಸಿ ಮಾತಾಡಿ, ಕಾರ್ಖಾನೆ 50, ಸರ್ಕಾರ 50 ರೂಪಾಯಿ ಸೇರಿಸಿ 3,300ಕ್ಕೆ ತಂದು ನಿಲ್ಲಿಸಿದರು.

ನೂರು ರೂಪಾಯಿಗೆ ಇಷ್ಟು ದಿನ ರಸ್ತೆಯಲ್ಲಿ ಕೂತರೇ ಎಂದು ದೂರದ ಊರಿನ ಗೆಳೆಯರೊಬ್ಬರು ನನ್ನನ್ನು ಕೇಳಿದರು. ನನಗೆ ಗಿರಣಿಯಲ್ಲಿ ಸುದ್ದಿ ಕೇಳಿ ಬಂದ ಕಾಕಿಯ ಮುಖ ನೆನಪಾಯಿತು. ಕಾರ್ಖಾನೆಯ ಲೆಕ್ಕವನ್ನು ಮಂದಿಯ ಬಾಯಲ್ಲಿ ಕೇಳುವ ಸ್ಥಿತಿ ವರ್ಷವರ್ಷವೂ ಮುಂದುವರಿದರೆ, ಮನುಷ್ಯ ಕೊನೆಗೆ ನೂರು ರೂಪಾಯಿಯ ನೆಪ ಹಿಡಿದು ಎದ್ದು ನಿಲ್ಲುತ್ತಾನೆ. ಕಾರ್ಖಾನೆಯವರಿಗೂ ಅವರ ಕಷ್ಟ ಇದೆ. ಸಕ್ಕರೆಯ ಕನಿಷ್ಠ ಮಾರಾಟ ದರ 2019ರಿಂದ ಕಿಲೋಗೆ 31 ರೂಪಾಯಿಯಲ್ಲಿಯೇ ನಿಂತಿದೆ ಎಂಬ ಅವರ ದೂರು ಸುಳ್ಳಲ್ಲ. ಆ ಕಷ್ಟವನ್ನು ಹಂಗಾಮಿಗೆ ಮೊದಲೇ, ಕಾಟಾದ ಮುಂದೆ, ರೈತರನ್ನು ಕೂಡಿಸಿ ಬಿಚ್ಚಿ ಹೇಳಿದ್ದರೆ?

ಆಲ್ಬರ್ಟ್ ಹರ್ಶ್‌ಮನ್ ಎಂಬ ಅರ್ಥಶಾಸ್ತ್ರಜ್ಞ 1970ರಲ್ಲಿ ಒಂದು ಸಣ್ಣ ಪುಸ್ತಕ ಬರೆದ. ಸಂಬಂಧ ಕೆಡುತ್ತಿದೆ ಎಂದು ಗೊತ್ತಾದಾಗ ಮನುಷ್ಯನಿಗೆ ಎರಡು ದಾರಿ ಎಂದ: ಬಿಟ್ಟು ಹೋಗುವುದು, ಇಲ್ಲವೆ ಬಾಯಿ ಬಿಟ್ಟು ಹೇಳುವುದು. ಎಷ್ಟು ಹೊತ್ತು ಹೇಳುತ್ತ ಇರುತ್ತಾನೆ ಎಂಬುದನ್ನು ನಿಷ್ಠೆ ನಿರ್ಧರಿಸುತ್ತದೆ. ಅಂಗಡಿ ಬದಲಿಸುವ ಗಿರಾಕಿ ಮೊದಲ ದಾರಿ ಹಿಡಿಯುತ್ತಾನೆ, ಹೇಳದೆಯೇ ಹೋಗುತ್ತಾನೆ. ಬಿಟ್ಟು ಹೋಗಲಾರದವನಿಗೆ ಉಳಿಯುವುದು ಮಾತೊಂದೇ. ಆ ಮಾತಿಗೂ ಜಾಗ ಇಲ್ಲದಿದ್ದರೆ ಮಾತು ರಸ್ತೆಗೆ ಬರುತ್ತದೆ.

ಜಾಗ ಇರುವ ಉದಾಹರಣೆ ಪಕ್ಕದಲ್ಲೇ ಇದೆ. ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ 1969ರಲ್ಲಿ ಹುಟ್ಟಿದ್ದು. ದೇಶದಲ್ಲಿ ಪ್ರಯೋಗಕ್ಕೆಂದು ಮೊದಲು ಆರಿಸಿದ ಐದು ಸಂಘಗಳಲ್ಲಿ ಅದೊಂದು, ಕರ್ನಾಟಕದಲ್ಲಿ ಅದೊಂದೇ. ಅಂಥದೇ ಆದ ಮಹಾರಾಷ್ಟ್ರದ ಮುಳಾ-ಪ್ರವರಾ ಸಂಘ 2011ರಲ್ಲಿ ವಿತರಣೆಯ ಕೆಲಸ ಕಳೆದುಕೊಂಡಿತು. ಹುಕ್ಕೇರಿಯದು ಇನ್ನೂ ಮನೆಗೆ, ಪಂಪ್‌ಸೆಟ್ಟಿಗೆ ಕರೆಂಟು ಕೊಡುತ್ತಿದೆ. ಕಂಬದಿಂದ ಬರುವ ತಂತಿ ಒಂದೇ, ಬೇಡವೆಂದರೆ ಬೇರೆ ತಂತಿ ಇಲ್ಲ. ಬಿಡಲಾಗದ ಸಂಬಂಧ ಅದು. ಆದರೆ ಕರೆಂಟು ಪಡೆಯುವವನೇ ಸದಸ್ಯ. ಸದಸ್ಯನಿಗೆ ಮತ ಇದೆ, ವಾರ್ಷಿಕ ಸಭೆಯಲ್ಲಿ ಜಮಾಖರ್ಚು ಕೇಳುವ ಹಕ್ಕಿದೆ. 2025ರ ಸೆಪ್ಟೆಂಬರಿನಲ್ಲಿ ನಡೆದ ಅದರ ಚುನಾವಣೆ ವಿಧಾನಸಭೆಯ ಚುನಾವಣೆಯಷ್ಟೇ ಬಿರುಸಾಗಿತ್ತು. ಅದರಲ್ಲಿ ರಾಜಕಾರಣದ ಕೆಸರು ಬೇಕಾದಷ್ಟಿತ್ತು, ಒಪ್ಪುತ್ತೇನೆ. ಆದರೂ ಸಂಘದ ಲೆಕ್ಕ ಹಳ್ಳಿಯ ಕಟ್ಟೆಯ ಮೇಲೆ ಚರ್ಚೆಯಾಯಿತು. ಜಗಳವಾಡುವ ಮನೆ ಇನ್ನೂ ಮನೆಯಾಗಿ ಉಳಿದಿರುತ್ತದೆ.

ಲೆಕ್ಕ ಮತ್ತು ಒಲವು ಒಟ್ಟಿಗೆ ಇರಲಾರವು ಎನ್ನುವವರಿಗೆ ನಮ್ಮದೇ ಹನ್ನೆರಡನೆಯ ಶತಮಾನದ ಒಂದು ಜೋಡಿಯನ್ನು ನೆನಪಿಸಬೇಕು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ಬದುಕುವುದು ಅವರ ಕಾಯಕ. ಒಂದು ದಿನ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಒಪ್ಪಲಿಲ್ಲ, ಹೆಚ್ಚಾದದ್ದನ್ನು ಇದ್ದಲ್ಲಿಗೇ ಮುಟ್ಟಿಸಿ ಬಾ ಎಂದು ಕಳಿಸಿದಳು. ಆಸೆ ಬೇಡವೆಂಬ ಪಾಠವಾಗಿ ನಾವು ಇದನ್ನು ಮಕ್ಕಳಿಗೆ ಹೇಳುತ್ತೇವೆ. ನನ್ನ ಕಣ್ಣಿಗೆ ಕಾಣುವುದು ಇನ್ನೊಂದು. ಅಕ್ಕಿ ತಂದವನು ಅದನ್ನು ಹೆಂಡತಿಯ ಮುಂದೆ ಸುರಿದ. ಆಕೆಗೆ ನಿತ್ಯದ ಅಳತೆ ಗೊತ್ತಿತ್ತು. ಹೆಚ್ಚಾಯಿತು ಎನ್ನುವ ಬಾಯಿ ಆಕೆಗಿತ್ತು, ಕೇಳಿ ತಿರುಗಿ ನಡೆಯುವ ಕಾಲು ಅವನಿಗಿತ್ತು. ಆ ಗುಡಿಸಲಿನಲ್ಲಿ ವಹಿ ಇರಲಿಲ್ಲ, ಮುಚ್ಚಿಟ್ಟ ಲೆಕ್ಕವೂ ಇರಲಿಲ್ಲ.

ಕೊಯ್ತಾಕ್ಕೆ ಮರಳುತ್ತೇನೆ. ಅಲ್ಲಿ ಎರಡು ಸಂಬಂಧಗಳು ಒಂದರೊಳಗೊಂದು ಹೆಣೆದಿವೆ: ಗಂಡ ಹೆಂಡತಿಯದು, ಜೋಡಿ ಮತ್ತು ಮುಕಾದಮನದು. ಟನ್ನಿನ ಲೆಕ್ಕದಲ್ಲಿ ಕೂಲಿ ಬೀಳುತ್ತದೆ. ಒಂದು ದಿನ ಹೊಲಕ್ಕೆ ಇಳಿಯದಿದ್ದರೆ ದಂಡ ಬಾಕಿಗೆ ಸೇರುತ್ತದೆ. ಮುಟ್ಟಿನ ದಿನಗಳಲ್ಲೂ, ಬಸಿರಿನಲ್ಲೂ ಈ ಲೆಕ್ಕ ಬದಲಾಗುವುದಿಲ್ಲ. 2019ರಲ್ಲಿ ಮಹಾರಾಷ್ಟ್ರ ಸರ್ಕಾರದ ಸಮಿತಿ ಬೀಡ್ ಜಿಲ್ಲೆಯ ಸುಮಾರು 82 ಸಾವಿರ ಕಬ್ಬು ಕಡಿಯುವ ಹೆಣ್ಣುಮಕ್ಕಳನ್ನು ವಿಚಾರಿಸಿದಾಗ, 13 ಸಾವಿರಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ಅವರು ಹೊತ್ತ ಕಬ್ಬಿನ ಸಕ್ಕರೆ ನಮ್ಮ ಚಹಾದಲ್ಲಿದೆ. ನಾನು ಈ ಅಂಕಿಯನ್ನು ಓದಿದ ದಿನ ಚಹಾ ಗಂಟಲಲ್ಲಿ ಇಳಿಯಲಿಲ್ಲ.

ಹಂಗಾಮು ಮುಗಿಯುವ ಹೊತ್ತಿಗೆ, ಏಪ್ರಿಲ್ ಬಿಸಿಲಿನಲ್ಲಿ, ಗುಡಿಸಲು ಬಿಚ್ಚುವ ಮೊದಲು ಮುಕಾದಮ ಬಂದು ಹಿಸಾಬು ಮಾಡುತ್ತಾನೆ. ಎಷ್ಟು ಟನ್ನು ಆಯಿತು, ಮುಂಗಡದಲ್ಲಿ ಎಷ್ಟು ತೀರಿತು, ಎಷ್ಟು ಮುಂದಿನ ವರ್ಷಕ್ಕೆ ಉಳಿಯಿತು. ಗಂಡ ಎದುರು ಕೂತಿರುತ್ತಾನೆ, ಹೆಬ್ಬೆಟ್ಟು ಅವನದು. ಹೆಂಡತಿ ಆಚೆ ಪಾತ್ರೆ ಕಟ್ಟುತ್ತಿರುತ್ತಾಳೆ. ದುಡಿಮೆಯಲ್ಲಿ ಅರ್ಧ ಕೊಯ್ತಾ ಆಗಿದ್ದವಳು ಹಿಸಾಬಿನಲ್ಲಿ ಲೆಕ್ಕಕ್ಕೇ ಇಲ್ಲ. ಕಾರ್ಖಾನೆಗಳು ಮನಸ್ಸು ಮಾಡಿದರೆ, ನಮ್ಮ ಜಿಲ್ಲಾಡಳಿತ ಒತ್ತಾಯಿಸಿದರೆ, ಮುಂಗಡದ ಪತ್ರದಲ್ಲಿ ಇಬ್ಬರ ಹೆಸರೂ ಬರಬಹುದು. ಕೂಲಿ ಇಬ್ಬರ ಖಾತೆಗೂ ಹೋಗಬಹುದು. ಅದಾಗುವವರೆಗೆ ಇಷ್ಟಾದರೂ ಆಗಲಿ: ಹಿಸಾಬಿನ ದಿನ ಆಕೆಯನ್ನು ಕರೆದು ಕೂಡಿಸಿ, ಆಕೆಯ ಭಾಷೆಯಲ್ಲಿ, ಆ ವಹಿಯನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಲಿ. ದನಿ ಎಲ್ಲಿ ಸಣ್ಣದಾಯಿತು ಎಂಬುದನ್ನು ಆಕೆ ಹಿಡಿಯುತ್ತಾಳೆ.